ಟೀಚರಮ್ಮನ ಕೊನೆಯ ಕಥೆಯ ಕೊನೆ

ಟೀಚರಮ್ಮನಿಗೆ ಉಣ್ಣೆ ಧೂಳು ಆಗುತ್ತಿರಲಿಲ್ಲ. ನನ್ನ ಜಗಲಿಗೆ ಬಂದು ಕೂತರೆ ಸಾಕು, ಮೂಗಿನ ತುದಿ ಕೆಂಪಗಾಗಿ ಒಂದರ ಹಿಂದೆ ಒಂದು ಸೀನು ಶುರುವಾಗುತ್ತಿತ್ತು. ಆರು, ಏಳು, ಒಂದೊಂದು ದಿನ ಹತ್ತು. ಆಮೇಲೆ ಸೆರಗಿನ ತುದಿಯನ್ನು ಮೂಗಿನ ಮೇಲೆ ಎಳೆದು ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು, ದರೋಡೆಗೆ ಹೊರಟವರ ಹಾಗೆ. ಕಣ್ಣೆರಡೇ ಕಾಣುತ್ತಿದ್ದವು. ಆ ಬಟ್ಟೆಯೊಳಗಿಂದಲೇ ಕಥೆ ಹೇಳುತ್ತಿದ್ದರು.

ಎದುರು ಮನೆಯವಳು ಕೇಳಿಯೂ ಕೇಳಿದ್ದಳು. "ಏನ್ರಿ ಟೀಚರಮ್ಮ, ಆಗಲ್ಲ ಅಂದ್ಮೇಲೆ ಅಲ್ಲೇ ಯಾಕ್ರಿ ಕೂತ್ಕೊಂತೀರಾ? ನಮ್ಮ ಜಗಲಿಗೆ ಬರ್ರಿ."

"ನಿಮ್ಮ ಜಗಲೀಲಿ ಟೀವಿ ಐತೆ ಕಣವ್ವ" ಅಂದಿದ್ದರು.

ಅವರು ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು. ಮೊಳಕಾಲ್ಮೂರಿನಲ್ಲಿ ಅವರ ಕೈಯಲ್ಲಿ ಓದಿ ಈಗ ಕಾಲೇಜಿನಲ್ಲಿ ಕನ್ನಡ ಹೇಳುವ ಮೇಷ್ಟ್ರೊಬ್ಬರು ಅವರ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಅದಕ್ಕೆ ನಾನೂ ಬರೆಯಬೇಕಂತೆ. ನನಗೆ ಬರುವ ಅಕ್ಷರ ಅಷ್ಟಕ್ಕಷ್ಟೆ. ಒತ್ತು, ದೀರ್ಘ ಎಲ್ಲ ಮೇಷ್ಟ್ರು ತಿದ್ದಿಕೊಳ್ಳಲಿ. ಆದರೆ ಒಂದು ವಿಷಯ ಇದೆ, ಅದನ್ನು ತಿದ್ದಬಾರದು. ಟೀಚರಮ್ಮನ ಕೊನೆಯ ಕಥೆ, ಓಬಕ್ಕನ ಕಥೆ, ಹೋದ ವರ್ಷ ಅಚ್ಚಾಯಿತಲ್ಲ, ಅದರ ಕೊನೆ ಎಲ್ಲಿಂದ ಬಂತು ಅನ್ನುವುದು ನನಗೊಬ್ಬಳಿಗೇ ಗೊತ್ತು. ಗೊತ್ತು ಅಂದೆ, ಅದೂ ಪೂರ್ತಿ ನಿಜವಲ್ಲ. ಅದನ್ನು ಎರಡನೇ ಸಲ ಅಚ್ಚು ಹಾಕುತ್ತಾರಂತೆ. ಅಷ್ಟರೊಳಗೆ ಹೇಳಿಬಿಡಬೇಕು. ಹೇಳಬೇಕಾದರೆ ಟೀಚರಮ್ಮ ಎಂಥವರು ಅನ್ನುವುದನ್ನು ಮೊದಲು ಹೇಳಬೇಕು. ಅದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

ಚಳ್ಳಕೆರೆಯಲ್ಲಿ ನಮ್ಮ ಬೀದಿಯ ಕೊನೆಯ ದೊಡ್ಡ ಮನೆ ಅವರದು. ಅವರ ಅಣ್ಣ ಶೇಂಗಾ ವ್ಯಾಪಾರಸ್ಥರು. ಇವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರು. ಮದುವೆಯಾಗಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮದು ಕಂಬಳಿ ಕೆಲಸ. ನನ್ನ ಗಂಡ ಮಗ್ಗದ ಮೇಲೆ ನೇಯುತ್ತಿದ್ದ, ನಾನು ಜಗಲಿಯ ಮೇಲೆ ರಾಟೆ ಹಾಕಿಕೊಂಡು ಉಣ್ಣೆ ನೂಲುತ್ತಿದ್ದೆ. ನೇಯುವ ಮುಂಚೆ ನೂಲು ಗಟ್ಟಿಯಾಗಲಿ ಅಂತ ಹುಣಸೆಬೀಜದ ಅಂಟು ಕಾಯಿಸಿ ಹಚ್ಚುತ್ತೇವೆ. ಅದರ ವಾಸನೆ ಬೀದಿಗೆಲ್ಲಾ ಹಬ್ಬುತ್ತದೆ. ಟೀಚರಮ್ಮ ಮೊದಲ ಸಲ ನಮ್ಮ ಮನೆಗೆ ಬಂದಿದ್ದು ಅದಕ್ಕೆ ಜಗಳ ಆಡಲು.

"ಏನವ್ವ, ಈ ವಾಸನೆಗೆ ನಮ್ಮ ಮನೇಲಿ ಊಟ ಸೇರ್ತಿಲ್ಲ."

"ಈ ವಾಸನೆ ಎದ್ರೇನೇ ನಮ್ಮ ಮನೇಲಿ ಊಟ ಕಣ್ರಿ" ಅಂದೆ.

ಅವರು ನಿಂತಲ್ಲೇ ನಕ್ಕರು. ನಗುತ್ತಲೇ ಕೂತರು. ಕತ್ತಲಾಗುವವರೆಗೆ ಏಳಲಿಲ್ಲ. ಅವತ್ತು ಎಷ್ಟು ಸಲ ಸೀನಿದರೋ. ಮರುದಿನ ಇಸ್ಕೂಲು ಬಿಟ್ಟ ಮೇಲೆ ಮತ್ತೆ ಬಂದರು. ಹೀಗೆ ಶುರುವಾದದ್ದು ಮೂವತ್ತು ವರ್ಷಕ್ಕಿಂತ ಹೆಚ್ಚು ನಡೆಯಿತು. ನಾನು ಅವರಿಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು. ಅದಕ್ಕೆ ನನ್ನನ್ನು ಅಕ್ಕ ಅನ್ನುತ್ತಿದ್ದರು. ಅವರ ಅತ್ತಿಗೆಗೆ ಅದು ಸೇರುತ್ತಿರಲಿಲ್ಲ.

ಅವರು ಕಥೆ ಬರೆಯುವವರು ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಬರುವಾಗ ಪುಸ್ತಕ ಇಲ್ಲ, ಪೆನ್ನು ಇಲ್ಲ. ಬಂದು, ಸೀನಿ, ಸೆರಗು ಕಟ್ಟಿಕೊಂಡು, ಊರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. "ಅಕ್ಕ, ದೇವಸಮುದ್ರದಾಗೆ ಒಬ್ಬಳು ಅದಾಳೆ, ಅವಳ ಗಂಡ ಕುರಿ ಹಿಂದೆ ಹೋದೋನು ಆರು ತಿಂಗಳಾತು ಬಂದಿಲ್ಲ..." ಹೀಗೆ. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು. ರಾಟೆ ತಿರುಗಿಸುವ ಕೈ ನಿಂತರೆ ಅವರ ಮಾತೂ ನಿಲ್ಲುತ್ತಿತ್ತು. "ಯಾಕೆ ನಿಲ್ಸಿದೆ?" ಅಂತ ಕೇಳಿ, ನಾನು ಏನಾದರೂ ಹೇಳುವುದರೊಳಗೆ "ಆಯ್ತು, ಆಯ್ತು" ಅಂತ ಎದ್ದು ಮನೆಗೆ ಓಡುತ್ತಿದ್ದರು. ಅಲ್ಲಿ ಹೋಗಿ ಬರೆಯುತ್ತಿದ್ದರಂತೆ. ಒಂದೊಂದು ಸಲ ನೂಲು ಹರಿದು ಕೈ ನಿಂತಿರುತ್ತಿತ್ತು, ಕಥೆಗಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ಅವರ ಪುಸ್ತಕಗಳಲ್ಲಿ ಎಲ್ಲೆಲ್ಲಿ ನೂಲು ಹರಿದದ್ದು ಸೇರಿಕೊಂಡಿದೆಯೋ ದೇವರಿಗೇ ಗೊತ್ತು.

ಒಂದು ಚಳಿಗಾಲ ತಳಕಿನ ಒಬ್ಬಳ ಸುದ್ದಿ ಹೇಳಿದರು. ಮೂರನೆಯದೂ ಹೆಣ್ಣು ಹೆತ್ತಳು ಅಂತ ಗಂಡ ಬಿಟ್ಟುಹೋಗಿದ್ದಾನೆ, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗುಡಿಸಲು, ಎಳೆಕೂಸಿಗೆ ಹೊದಿಸಲು ಗೋಣಿಚೀಲ ಬಿಟ್ಟು ಬೇರೆ ಇಲ್ಲ. ಮೂರು ದಿನ ಹೇಳಿದರು. ಮೂರನೆಯ ದಿನ ನನಗೆ ಸಿಟ್ಟು ಬಂತು. ಇಷ್ಟು ಗೊತ್ತಿದ್ದೂ ಈ ಹೆಂಗಸು ಬರೀ ಬಾಯಲ್ಲಿ ಹೇಳಿಕೊಂಡು ಕೂತಿದ್ದಾಳಲ್ಲ, ದೊಡ್ಡ ಮನೆಯವಳು, ಒಂದು ಹಳೇ ಹಚ್ಚಡ ಕಳಿಸಬಾರದಾ ಅನ್ನಿಸಿತು. ಮಾರನೇ ದಿನ ಮಗ್ಗದಲ್ಲಿ ಉಳಿದಿದ್ದ ಒಂದು ಕಂಬಳಿ ತುಂಡು ಸುತ್ತಿಕೊಂಡು ಬಸ್ಸು ಹತ್ತಿದೆ.

ತಳಕಿನಲ್ಲಿ ಇಳಿದು ಮಂಡಕ್ಕಿ ಅಂಗಡಿಯವನನ್ನು ಕೇಳಿದೆ. "ಇಲ್ಲಿ ಮೂರನೇದು ಹೆಣ್ಣು ಹೆತ್ತು, ಗಂಡ ಬಿಟ್ಟೋಗಿರೋಳು ಎಲ್ಲಪ್ಪ ಇರೋದು?"

ಅವನು ಮಂಡಕ್ಕಿ ಕಲಸುತ್ತಲೇ ಕೇಳಿದ. "ಯಾವೋಳವ್ವ? ಇಬ್ರು ಅದಾರೆ."

"ಬಸ್ ಸ್ಟ್ಯಾಂಡ್ ಹಿಂದೆ, ಗುಡಿಸಲಾಗೆ."

"ಹಂಗಾದ್ರೆ ಆ ಕರ್ರಗಿನೋಳು. ಹೋಗು, ಹುಣಸೆಮರ ದಾಟಿ ಎಡಕ್ಕೆ."

ಹೋದೆ. ಗುಡಿಸಲು ಇತ್ತು. ಕಪ್ಪಗಿನವಳು ಇದ್ದಳು. ಕೂಸು ಇತ್ತು. ಗೋಣಿಚೀಲ ಇರಲಿಲ್ಲ, ಹಳೇ ಪಂಚೆ ಇತ್ತು. ಕಂಬಳಿ ಕೊಟ್ಟೆ. ಯಾರು ಕಳಿಸಿದ್ದು ಅಂತ ಕೇಳಿದಳು. ಟೀಚರಮ್ಮ ಅಂದೆ. ಯಾವ ಟೀಚರಮ್ಮ ಅಂದಳು. ನಿನಗೆ ಯಾಕೆ, ತಗೋ ಅಂತ ಕೊಟ್ಟು ಬಂದೆ.

ಸಂಜೆ ಟೀಚರಮ್ಮ ಬಂದಾಗ ಹೇಳಿದೆ. "ನಿಮ್ಮ ತಳಕಿನೋಳಿಗೆ ಕಂಬಳಿ ಕೊಟ್ಟು ಬಂದೆ. ಇನ್ನು ಆ ಗೋಣಿಚೀಲದ ಸುದ್ದಿ ಬಿಡ್ರಿ."

ಅವರು ಮೂಗಿಗೆ ಕಟ್ಟಿದ್ದ ಸೆರಗು ಬಿಚ್ಚಿದರು. ಮುಖ ಬೆಳ್ಳಗಾಗಿತ್ತು.

"ಅಕ್ಕ, ಅವಳು ಇಲ್ಲ."

"ಇಲ್ಲ ಅಂದ್ರೆ?"

"ನಾನು ಕಟ್ಟಿದ್ದು. ಕಥೆ ಅದು. ಅಂಥೋಳು ಯಾರೂ ಇಲ್ಲ."

"ಇಲ್ಲ ಅಂತೀರಲ್ರಿ! ನನ್ನ ಕೈಯಾಗಿಂದ ಕಂಬಳಿ ಇಸ್ಕೊಂಡ್ಲು!"

ಎದ್ದು ಹೋದವರು ಎಂಟು ದಿನ ಬರಲಿಲ್ಲ. ನನಗೆ ತಲೆ ಕೆಟ್ಟಿತು. ಇಷ್ಟು ದಿನ ಇವರು ಹೇಳಿದ್ದಕ್ಕೆಲ್ಲಾ ನಾನು ಅಯ್ಯೋ ಅಂದಿದ್ದೇನೆ, ಎರಡು ಸಲ ಅತ್ತೂ ಇದ್ದೇನೆ. ಅವೆಲ್ಲಾ ಸುಳ್ಳಾದರೆ ನನ್ನ ಅಳು ಯಾರಿಗೆ ಹೋಯಿತು? ಒಂಬತ್ತನೇ ದಿನ ಬಂದರು. ಸೀನಲೂ ಇಲ್ಲ. "ಅಕ್ಕ, ಆ ಗುಡಿಸಲಾಗೆ ಏನೇನಿತ್ತು, ಹೇಳು" ಅಂದರು. ಹೇಳಿದೆ. ಆಮೇಲೆ ಆ ಕಥೆ ಅಚ್ಚಾಗಿ ಬಂದಾಗ ಓದಿ ಹೇಳಿದರು. ಅದರಲ್ಲಿ ಗೋಣಿಚೀಲ ಹೋಗಿ ಹಳೇ ಪಂಚೆ ಬಂದಿತ್ತು. ಎಲ್ಲಿಂದಲೋ ಒಬ್ಬ ಮುದುಕಿ ಬಂದು ಕಂಬಳಿ ಕೊಟ್ಟು, ಮಾತಾಡದೆ ಹೋಗುತ್ತಾಳೆ. ನನಗೆ ಆಗ ನಲವತ್ತೂ ತುಂಬಿರಲಿಲ್ಲ.

"ಮುದುಕಿ ಯಾಕ್ರಿ ಮಾಡಿದ್ರಿ ನನ್ನ?"

"ಅದು ನೀನಲ್ಲ ಕಣಕ್ಕ" ಅಂದರು.

ಅದು ನಾನಲ್ಲ, ಅವಳು ಇಲ್ಲ, ಕಂಬಳಿ ಮಾತ್ರ ನನ್ನದು. ಇದನ್ನು ಈವತ್ತಿಗೂ ಯಾರಾದರೂ ಬಿಡಿಸಿ ಹೇಳಿದರೆ ಕೇಳಿಯೇನು.

ಅವರು ನನಗೆ ಅಕ್ಷರ ಕಲಿಸಿದ್ದು ಅದಾದ ಮೇಲೆ. ಭಾನುವಾರ ಮಧ್ಯಾಹ್ನ ಇಸ್ಕೂಲಿನ ವರಾಂಡದಲ್ಲಿ ಕೂಲಿ ಹೆಂಗಸರನ್ನೆಲ್ಲಾ ಕೂರಿಸಿ ಪಾಠ ಹೇಳುತ್ತಿದ್ದರು. ಮಕ್ಕಳಿಗೆ ಅವರು ಒಳ್ಳೇ ಟೀಚರು ಅಂತ ಎಲ್ಲರೂ ಹೇಳುತ್ತಾರೆ, ಇರಬಹುದು. ದೊಡ್ಡವರಿಗೆ ಪಾಠ ಹೇಳುವ ತಾಳ್ಮೆ ಅವರಿಗೆ ಇರಲಿಲ್ಲ. ಬೆರಳಿನ ಗೆಣ್ಣಿಗೆ ಪೆನ್ಸಿಲಿನಿಂದ ಹೊಡೆಯುತ್ತಿದ್ದರು. ನಾನು ಒಂದು ದಿನ ಪೆನ್ಸಿಲು ಕಿತ್ತುಕೊಂಡು ಅವರ ಗೆಣ್ಣಿಗೇ ಒಂದು ಕೊಟ್ಟೆ. ಅವರು ಗೆಣ್ಣು ಉಜ್ಜಿಕೊಂಡು "ನೋವಾಗುತ್ತೆ" ಅಂದರು, ಆಗಷ್ಟೇ ಗೊತ್ತಾದವರ ಹಾಗೆ. ಆವತ್ತಿನಿಂದ ಯಾರಿಗೂ ಹೊಡೆಯಲಿಲ್ಲ. "ಬರಿ, ತಪ್ಪಾದ್ರೆ ಆಗ್ಲಿ, ಅಳಿಸೋಕೆ ನಾನದೀನಿ" ಅನ್ನುತ್ತಿದ್ದರು. ಬಸ್ಸಿನ ಬೋರ್ಡು ಓದುವಷ್ಟು, ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕುವಷ್ಟು ನನಗೆ ಬರಲು ಮೂರು ವರ್ಷ ಹಿಡಿಯಿತು.

ಮಧ್ಯೆ ಅವರಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲೇ ಒಂದು ಕೋಣೆ ಹಿಡಿದರು, ಊಟ ಮನೆ ಒಡೆಯರ ಮನೆಯಲ್ಲಿ. ಅಲ್ಲಿಗೆ ಹೋದ ಮೊದಲ ವರ್ಷವೇ ಅಲ್ಲಿನ ರೇಷ್ಮೆ ಮಗ್ಗದ ಬೀದಿಯ ಹೆಂಗಸರನ್ನು ಸೇರಿಸಿ ನಾಟಕ ಕಟ್ಟಿದರು. ಅತ್ತೆ ಪಾತ್ರಕ್ಕೆ ಯಾರೂ ಒಪ್ಪಲಿಲ್ಲವಂತೆ, ಬೈಯುವುದಕ್ಕೆ ನಾಚಿಕೆ. ನನಗೆ ಹೇಳಿಕಳಿಸಿದರು. ಬೈಯುವುದಕ್ಕೆ ನನಗೆಂಥ ನಾಚಿಕೆ.

ನಾಟಕ ಇಷ್ಟೇ. ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿರುತ್ತಾಳೆ. ಕೊನೆಗೆ ಸೊಸೆ ಬಾಗಿಲಿಗೆ ಬಂದಾಗ ಅತ್ತೆ ಅತ್ತುಬಿಟ್ಟು, ತಪ್ಪಾಯ್ತು ಮಗಳೇ ಅಂತ ತಬ್ಬಿಕೊಳ್ಳಬೇಕು. ಒಂದು ತಿಂಗಳು ಬಾಯಿಪಾಠ ಮಾಡಿಸಿದರು. ನಾಟಕದ ದಿನ ಬೀದಿ ತುಂಬಾ ಜನ. ಸೊಸೆ ಬಂದು ನಿಂತಳು. ನನಗೆ ಒಂದು ಅಕ್ಷರ ನೆನಪಿಗೆ ಬರಲಿಲ್ಲ. ಪರದೆ ಹಿಂದಿನಿಂದ ಟೀಚರಮ್ಮ "ತಪ್ಪಾಯ್ತು ಮಗಳೇ, ತಪ್ಪಾಯ್ತು ಮಗಳೇ" ಅಂತ ಪಿಸುಗುಡುತ್ತಿದ್ದಾರೆ. ಕೇಳಿಸಿತು, ಆದರೆ ಬಾಯಿಗೆ ಬರಲಿಲ್ಲ. ಯಾವ ಅತ್ತೆ ಹಾಗನ್ನುತ್ತಾಳೆ? "ಒಳಗೆ ಬಾ. ಅನ್ನ ಐತೆ, ಉಣ್ಣು. ಆದ್ರೆ ನಾನು ನಿನ್ನ ಮಾತಾಡ್ಸಲ್ಲ, ನೀನೂ ನನ್ನ ಮಾತಾಡ್ಸಬ್ಯಾಡ" ಅಂದುಬಿಟ್ಟು ಬೆನ್ನು ತಿರುಗಿಸಿ ಕೂತೆ.

ಮುಂದೆ ಕೂತಿದ್ದ ಒಬ್ಬ ಮುದುಕಿ ತೆಲುಗಿನಲ್ಲಿ "ಅಟ್ಲಾ ಚೆಪ್ಪಮ್ಮಾ!" ಅಂತ ಕೂಗಿದಳು, ಹಾಗೆ ಹೇಳು ಅಂತ. ಜನ ಚಪ್ಪಾಳೆ ಹೊಡೆದೇ ಹೊಡೆದರು. ಟೀಚರಮ್ಮ ಒಳಗೆ ಬಂದು ಹಲ್ಲು ಕಚ್ಚಿಕೊಂಡು "ಅದು ನನ್ನ ಮಾತಲ್ಲ" ಅಂದರು. ಆ ಕೋಪ ಒಂದು ವಾರ ಇತ್ತು. ದೇವಸಮುದ್ರದಲ್ಲಿ ಎರಡನೇ ಸಲ ಆಡಬೇಕಾದಾಗ "ಅವತ್ತು ಅಂದ ಹಂಗೇ ಅನ್ನು" ಅಂದರು. ಏನು ಅಂದಿದ್ದೆ ಅಂತ ನನಗೆ ನೆನಪಿರಲಿಲ್ಲ. ಅವರು ಬರೆದಿಟ್ಟಿದ್ದರು. ನನ್ನ ಮಾತನ್ನೇ ನನಗೆ ಬಾಯಿಪಾಠ ಮಾಡಿಸಿದರು. ತಪ್ಪಿದರೆ ಬೈಯುತ್ತಿದ್ದರು ಬೇರೆ. ನಾಟಕ ಪುಸ್ತಕವಾಗಿ ಬಂದಾಗ ಆ ಮಾತು ಅದರಲ್ಲಿ ಇತ್ತು, ಮೇಲೆ ಅವರ ಹೆಸರು. ನನಗೆ ಅದರಿಂದ ಸಂಕಟವೇನೂ ಆಗಲಿಲ್ಲ. ಸಂತೋಷವೂ ಆಗಲಿಲ್ಲ. ಏನಾಗಬೇಕು ಅಂತ ಗೊತ್ತಾಗಲಿಲ್ಲ.

ಏಳೋ ಎಂಟೋ ಪುಸ್ತಕ ಬರೆದರು. ಬೆಂಗಳೂರಿನಲ್ಲಿ ಕರೆದು ಪ್ರಶಸ್ತಿ ಕೊಟ್ಟರು. ಹೊದಿಸಿದ ಶಾಲನ್ನು ತಂದು ಮರುದಿನವೇ ನನ್ನ ಜಗಲಿಯಲ್ಲಿ ಮೂಗಿಗೆ ಕಟ್ಟಿಕೊಂಡು ಕೂತರು. ಸೆರಗಿಗಿಂತ ವಾಸಿ ಅಂದರು. ಹೊಗಳಿ ಬರೆದ ಪೇಪರುಗಳನ್ನು ಎಲ್ಲರಿಗೂ ಓದಿ ಹೇಳುತ್ತಿದ್ದರು, ತೆಗಳಿ ಬರೆದದ್ದನ್ನು ನನಗೆ ಮಾತ್ರ ಓದುತ್ತಿದ್ದರು. ಓದಿ ಮುಗಿಸಿ "ಇವನಿಗೇನು ಗೊತ್ತು?" ಅನ್ನುತ್ತಿದ್ದರು. "ನನಗೂ ಗೊತ್ತಿಲ್ಲ ಕಣ್ರಿ" ಅಂದರೆ ಮುಖ ಊದಿಸಿಕೊಳ್ಳುತ್ತಿದ್ದರು.

ರಿಟೈರಾಗಿ ಚಳ್ಳಕೆರೆಗೆ ಬಂದ ಮೇಲೆ, ಬಹಳ ವರ್ಷ ಕಳೆದು, ಶುರು ಮಾಡಿದ್ದು ಓಬಕ್ಕನ ಕಥೆ. ಅಷ್ಟೊತ್ತಿಗೆ ನಾನು ಬುದ್ಧಿ ಕಲಿತಿದ್ದೆ. ಮೊದಲೇ ಕೇಳಿದೆ. "ಇವಳು ಇರೋಳೋ, ಇಲ್ಲದೋಳೋ?"

"ಇಲ್ಲದೋಳು. ಬಸ್ಸು ಹತ್ತಬ್ಯಾಡ" ಅಂದರು.

ಕಥೆ ಇದು. ಓಬಕ್ಕನೂ ಅವಳ ತಂಗಿಯೂ ಒಂದೇ ಮನೆಯನ್ನು ಮಧ್ಯೆ ಗೋಡೆ ಹಾಕಿ ಪಾಲು ಮಾಡಿಕೊಂಡವರು. ಮೂವತ್ತು ವರ್ಷ ಮಾತಿಲ್ಲ. ಇವಳ ಒಗ್ಗರಣೆ ವಾಸನೆ ಅವಳಿಗೆ, ಅವಳ ಕೆಮ್ಮು ಇವಳಿಗೆ. ಒಂದು ದಿನ ಗೋಡೆಯಾಚೆ ಕೆಮ್ಮು ಜೋರಾಗುತ್ತದೆ. ಎರಡು ದಿನ ಆ ಕಡೆ ಒಲೆ ಹಚ್ಚಿದ ಹೊಗೆ ಇಲ್ಲ. ಮೂರನೇ ದಿನ ಓಬಕ್ಕ ಗಂಜಿ ಕಾಯಿಸಿ, ಸಿಲ್ವರ್ ತಪ್ಪಲೆಯನ್ನು ಎರಡು ಕೈಯಲ್ಲಿ ಹಿಡಿದು, ತಂಗಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಬಾಗಿಲು ಮುಂದಕ್ಕೆ ಹಾಕಿದೆ, ಚಿಲಕ ಇಲ್ಲ. ನಿಂತೇ ನಿಲ್ಲುತ್ತಾಳೆ.

ಇಲ್ಲಿಗೆ ಬಂದು ಟೀಚರಮ್ಮ ತಡವರಿಸುತ್ತಿದ್ದರು. ಒಂದು ದಿನ ಒಳಗೆ ಹೋದಳು ಅಂದರು. ಕೈ ನಿಲ್ಲಿಸದೆ ನೂತೆ. ಇನ್ನೊಂದು ದಿನ, ಹೋಗಲಿಲ್ಲ, ಹಾಗೇ ತಿರುಗಿ ಬಂದಳು ಅಂದರು. ಆಗಲೂ ನೂತೆ. "ಏನಕ್ಕ, ಯಾವುದಕ್ಕೂ ನಿಲ್ಲಲ್ವಲ್ಲ ನಿನ್ನ ಕೈ?" ಅಂತ ರೇಗಿದರು. "ನಿಮಗೇ ಗೊತ್ತಿಲ್ಲ, ನನ್ನ ಕೈಗೆ ಏನು ಗೊತ್ತು?" ಅಂದೆ. ನಾಳೆ ಹೇಳ್ತೀನಿ ಅಂತ ಹೋದರು.

ಆ ನಾಳೆ ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದಿದ್ದು ಒಂದೇ, "ಹ್ಞೂಂ".

ದವಾಖಾನೆಯಿಂದ ಮನೆಗೆ ತಂದ ಮೇಲೆ ಕಾಲೇಜು ಮೇಷ್ಟ್ರು ಅವರ ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅದರಲ್ಲಿ ಓಬಕ್ಕ ಬಾಗಿಲಿಗೆ ಹೋಗಿ ನಿಂತಲ್ಲಿವರೆಗೆ ಬರೆದಿತ್ತು. ಮುಂದೆ ಖಾಲಿ ಹಾಳೆ. ಟೀಚರಮ್ಮ ಕಥೆಗಳನ್ನು ಮೊದಲು ನನಗೆ ಹೇಳಿ ಆಮೇಲೆ ಬರೆಯುತ್ತಾರೆ ಅನ್ನುವುದು ಮೇಷ್ಟ್ರಿಗೆ ಗೊತ್ತಿತ್ತು. ಕೊನೆ ಹೇಗಂತ ಹೇಳಿದ್ದರು ಅಂತ ಕೇಳಿದರು. ಎರಡು ಥರ ಹೇಳಿದ್ದರು ಅಂದೆ. ಹಾಗಾದರೆ ಅವರನ್ನೇ ಕೇಳೋಣ ಅಂತ ಇಬ್ಬರೂ ಹೋದೆವು.

ಮಂಚದ ಪಕ್ಕ ಕೂತು ಕೇಳಿದೆ. "ಟೀಚರಮ್ಮ, ಓಬಕ್ಕ ಒಳಗೆ ಹೋದ್ಲಾ?"

"ಹ್ಞೂಂ."

ಮೇಷ್ಟ್ರು ಖುಷಿಯಾಗಿ ಪೆನ್ನು ತೆಗೆದರು. ತಾಳಿರಿ ಅಂದು ಮತ್ತೆ ಕೇಳಿದೆ. "ಇಲ್ಲಾ ತಿರುಗಿ ಬಂದ್ಲಾ?"

"ಹ್ಞೂಂ."

"ಊಟ ಆತಾ ನಿಮ್ದು?"

"ಹ್ಞೂಂ." ಅವರ ಅತ್ತಿಗೆ ಆಗಿನ್ನೂ ಒಳಗೆ ಅನ್ನ ಬಸಿಯುತ್ತಿದ್ದರು.

"ನಾನು ಸತ್ತೋಗಿದೀನಾ?"

"ಹ್ಞೂಂ" ಅಂದವರು, ಅಂದ ಮೇಲೆ ಅರ್ಧ ಮುಖದಲ್ಲಿ ನಕ್ಕರು. ಕಣ್ಣಲ್ಲಿ ನೀರು ಬಂತು. ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ಮೇಷ್ಟ್ರು ಎದ್ದು ಹೊರಗೆ ಹೋದರು.

ಒಳಗೆ ಇದ್ದಾರೆ, ಎಲ್ಲಾ ತಿಳಿಯುತ್ತದೆ, ಹೊರಗೆ ಬರುವ ದಾರಿ ಮಾತ್ರ ಒಂದೇ, ಅದೂ ಎಲ್ಲದಕ್ಕೂ ಒಂದೇ. ಜೀವಮಾನವೆಲ್ಲಾ ಮಾತು ಜೋಡಿಸಿದವರಿಗೆ ಹೀಗೆ ಯಾಕಾಗಬೇಕು ಅಂತ ನಾನು ದೇವರನ್ನು ಕೇಳಲಿಲ್ಲ. ಅವನೂ ಹ್ಞೂಂ ಅನ್ನುತ್ತಾನೆ.

ನಾಲ್ಕು ದಿನ ಬಿಟ್ಟು ನನ್ನ ರಾಟೆಯನ್ನೇ ಅವರ ಕೋಣೆಗೆ ಹೊತ್ತುಕೊಂಡು ಹೋದೆ. ಅವರ ಅತ್ತಿಗೆ "ಧೂಳು, ಧೂಳು" ಅಂತ ಕೂಗಾಡಿದರು. ಲೆಕ್ಕಕ್ಕೆ ತಗೊಳ್ಳಲಿಲ್ಲ. ಮಂಚದ ಪಕ್ಕ ಕೂತು ನೂಲಲು ಶುರು ಮಾಡಿದೆ. ಅವರು ಹೇಳುತ್ತಿದ್ದ ಹಾಗೇ, ಅವರದೇ ಮಾತಿನಲ್ಲಿ, ಓಬಕ್ಕನ ಕಥೆಯನ್ನು ಮೊದಲಿಂದ ಹೇಳುತ್ತಾ ಹೋದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಪಾಲಾದದ್ದು, ಗೋಡೆ ಎದ್ದದ್ದು, ಕೆಮ್ಮು, ಹೊಗೆ ಇಲ್ಲದ ಎರಡು ದಿನ. ತಪ್ಪಲೆ ಹಿಡಿದು ಬಾಗಿಲಿಗೆ ಬಂದಳು ಅನ್ನುವಲ್ಲಿಗೆ ಬಂದೆ. ಆಗ ಅವರು ಎಡಗೈ ಚಾಚಿ ರಾಟೆಯನ್ನು ಹಿಡಿದುಬಿಟ್ಟರು. ಗಟ್ಟಿಯಾಗಿ. ರಾಟೆ ನಿಂತಿತು, ನೂಲು ಹರಿಯಿತು.

"ಏನ್ರಿ? ಒಳಗೆ ಹೋಗಬಾರ್ದಾ?"

"ಹ್ಞೂಂ."

"ಇಲ್ಲಿಗೇ ಸಾಕಾ?"

"ಹ್ಞೂಂ."

"ನೀರು ಬೇಕಾ?"

"ಹ್ಞೂಂ." ನೀರು ಕೊಟ್ಟೆ, ಕುಡಿದರು. ನೀರಿಗೇ ಹಿಡಿದರೋ ಏನೋ. ರಾಟೆ ಬಿಡಲು ಬಹಳ ಹೊತ್ತು ಮಾಡಿದರು. ಬಿಟ್ಟ ಮೇಲೆ ನಿದ್ದೆ ಹೋದರು.

ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡರು. ಮಧ್ಯಾಹ್ನ, ಊಟದ ಹೊತ್ತು. ನಾನು ಹೋದಾಗ ಮುಖ ತೊಳೆದು ವಿಭೂತಿ ಹಚ್ಚಿದ್ದರು. ನಾನು ಅಳಲಿಲ್ಲ. ಅಳು ಬಂದದ್ದು ಆಮೇಲೆ ಒಂದು ದಿನ, ಜಗಲಿಯ ಮೇಲೆ ಉಣ್ಣೆ ಹಿಂಜುವಾಗ, ಸುತ್ತ ಧೂಳು ಎದ್ದಿತ್ತು, ಯಾರೂ ಸೀನಲಿಲ್ಲ.

ತಿಂಗಳು ಕಳೆದ ಮೇಲೆ ಮೇಷ್ಟ್ರು ಮತ್ತೆ ಬಂದರು. ಟೀಚರಮ್ಮನ ಕೊನೆಯ ಕಥೆಗಳ ಪುಸ್ತಕ ಅಚ್ಚಿಗೆ ಹೋಗಬೇಕು, ಆ ಒಂದು ಕಥೆ ಮಾತ್ರ ಮುಗಿದಿಲ್ಲ, ಮುಗಿಯದ ಕಥೆ ಅಂತ ಹಾಗೇ ಹಾಕಿಬಿಡಲಾ, ಇಲ್ಲಾ ಏನಾದರೂ ನೆನಪಾಯಿತಾ ಅಂತ ಕೇಳಿದರು. ನಾಳೆ ಬನ್ನಿ ಅಂದೆ.

ಅವತ್ತು ಪೂರ್ತಿ ಅದೇ ಯೋಚನೆ. ಟೀಚರಮ್ಮನಿಗೆ ಏನು ಬೇಕಿತ್ತು ಅಂತ ಯೋಚಿಸಿದೆ, ತಿಳಿಯಲಿಲ್ಲ. ಅದು ಬಿಟ್ಟು ಓಬಕ್ಕ ಏನು ಮಾಡುತ್ತಿದ್ದಳು ಅಂತ ಯೋಚಿಸಿದೆ. ಆಗ ತಪ್ಪಲೆ ಕಣ್ಣಿಗೆ ಬಂತು. ಟೀಚರಮ್ಮ ಅಡುಗೆಮನೆಗೆ ಕಾಲಿಟ್ಟವರಲ್ಲ. ಹುಟ್ಟಿದಾಗಿಂದ ತಟ್ಟೆಗೆ ಬಡಿಸಿದ್ದನ್ನು ಉಂಡವರು. ಒಲೆಯಿಂದ ಇಳಿಸಿದ ಸಿಲ್ವರ್ ತಪ್ಪಲೆಯನ್ನು ಹಿಡಿದುಕೊಂಡು ಯಾರೂ ಬಾಗಿಲಲ್ಲಿ ಮೂವತ್ತು ವರ್ಷದ್ದನ್ನೆಲ್ಲಾ ಯೋಚಿಸುತ್ತಾ ನಿಲ್ಲುವುದಿಲ್ಲ. ಕೈ ಸುಡುತ್ತದೆ. ಒಳಗೆ ಹೋಗಲು ಬಾಗಿಲು ತಳ್ಳಬೇಕು, ಎರಡೂ ಕೈಯಲ್ಲಿ ತಪ್ಪಲೆ ಇದೆ. ತಿರುಗಿ ಹೋಗಲು ಅಷ್ಟು ದೂರ ಮತ್ತೆ ಸುಡುವುದನ್ನು ಹೊರಬೇಕು. ಅವಳಿಗೆ ಎರಡೂ ಆಗುವುದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ, ಅದಕ್ಕೆ ಕಥೆ ಅಲ್ಲೇ ನಿಂತುಬಿಟ್ಟಿತ್ತು.

ಮರುದಿನ ಮೇಷ್ಟ್ರು ಬಂದರು. ನಾನು ಹೇಳಿದೆ, ಅವರು ಬರೆದುಕೊಂಡರು. "ಕೈ ಸುಟ್ಟಿತು. ಓಬಕ್ಕ ತಪ್ಪಲೆಯನ್ನು ಹೊಸ್ತಿಲ ಮೇಲೆ ಇಳಿಸಿದಳು. ಬೆರಳು ಊದಿಕೊಂಡಳು. ಗಂಜಿ ಬಿಸಿ ಐತೆ ಅಂತ ಗೋಡೆಗೆ ಹೇಳಿ ತನ್ನ ಮನೆಗೆ ಹೋದಳು."

ಮೇಷ್ಟ್ರು ಬರೆದು ಮುಗಿಸಿ ಅದನ್ನೇ ಇನ್ನೊಂದು ಸಲ ಓದಿಕೊಂಡರು. "ಟೀಚರಮ್ಮ ಹಿಂಗೇ ಹೇಳಿದ್ರಾ?" ಅಂತ ಕೇಳಿದರು.

"ಹ್ಞೂಂ" ಅಂದೆ.

ಅದು ಸುಳ್ಳು. ಹೇಳಬೇಕಾದ್ದು ಇದೇ. ಅವರು ಹಾಗೆ ಹೇಳಲಿಲ್ಲ, ಹೇಳಿದ್ದು ನಾನು. ಆ ಗಳಿಗೆಯಲ್ಲಿ ಯಾಕೆ ಹ್ಞೂಂ ಅಂದೆ ಅಂತ ನನಗೆ ಗೊತ್ತಿಲ್ಲ. ಇಲ್ಲ ಅಂದಿದ್ದರೆ ಮೇಷ್ಟ್ರು ಆ ಸಾಲುಗಳನ್ನು ಹೊಡೆದುಹಾಕುತ್ತಿದ್ದರು, ಟೀಚರಮ್ಮನ ಕೊನೆಯ ಕಥೆ ಮುಗಿಯದ ಕಥೆಯಾಗಿ ಹೋಗುತ್ತಿತ್ತು. ಅದಕ್ಕೇ ಅಂದೆನೋ, ನನ್ನ ಮಾತು ಅಚ್ಚಾಗಲಿ ಅನ್ನುವ ಆಸೆಗೆ ಅಂದೆನೋ. ಎರಡನ್ನೂ ಬಿಡಿಸಿ ನೋಡಿದ್ದೇನೆ, ಉಣ್ಣೆಯೊಳಗೆ ಸಿಕ್ಕಿದ ಮುಳ್ಳಿನ ಹಾಗೆ, ಯಾವುದು ಯಾವುದು ಅಂತ ಬಿಡುವುದಿಲ್ಲ.

ಪುಸ್ತಕ ಬಿಡುಗಡೆಯ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ದೂರದ ಊರಿಂದ ಬಂದಿದ್ದ ದೊಡ್ಡವರೊಬ್ಬರು ಆ ಕೊನೆಯ ಸಾಲುಗಳನ್ನು ಓದಿ, ಇಡೀ ಜೀವನದ ಬರಹವೆಲ್ಲಾ ಇಲ್ಲಿ ಬಂದು ನಿಂತಿದೆ, ಹೊಸ್ತಿಲು ಅಂದರೆ ಅದು, ಬಿಸಿ ಅಂದರೆ ಇದು ಅಂತ ಅರ್ಧ ಗಂಟೆ ಮಾತಾಡಿದರು. ಪಕ್ಕದಲ್ಲಿ ಟೀಚರಮ್ಮನ ಅತ್ತಿಗೆ ಕೂತಿದ್ದರು.

"ಏನಂತವ್ರೆ ಅವ್ರು?" ಅಂತ ನನ್ನನ್ನು ಕೇಳಿದರು.

"ತಪ್ಪಲೆ ಸುಡ್ತಿತ್ತು, ಕೆಳಗೆ ಇಟ್ಲು ಅಂತವ್ರೆ."

"ಅಷ್ಟಕ್ಕೆ ಇಷ್ಟೊತ್ತಾ?" ಅಂದರು. ಮೂವತ್ತು ವರ್ಷಕ್ಕೂ ಹೆಚ್ಚು ನನ್ನನ್ನು ಕಂಡರೆ ಆಗದ ಆ ಹೆಂಗಸು ಅವತ್ತು ಸಭೆ ಮುಗಿಯುವವರೆಗೆ ನನ್ನ ಕೈ ಬಿಡಲಿಲ್ಲ.

ಟೀಚರಮ್ಮ ನನ್ನ ಮಾತುಗಳನ್ನು ತಗೊಂಡು ತಮ್ಮದು ಮಾಡಿಕೊಂಡರು, ನಾನು ನನ್ನ ಮಾತನ್ನು ಕೊಟ್ಟು ಅವರದು ಮಾಡಿದೆ. ಹಾಗಂತ ಸರಿಹೋಯಿತು ಅಂತ ಹೇಳುವುದಕ್ಕೆ ಬರುವುದಿಲ್ಲ. ಅವರು ಇಲ್ಲದಿದ್ದರೆ ನನಗೆ ಈ ಅಕ್ಷರವೇ ಇಲ್ಲ, ಇದನ್ನು ಒಪ್ಪಿಕೊಳ್ಳುವ ದಾರಿಯೂ ಇಲ್ಲ. ಅವರು ಬದುಕಿದ್ದು ಆ ಕೊನೆಯನ್ನು ಕೇಳಿದ್ದರೆ ಅದು ನನ್ನ ಮಾತಲ್ಲ ಅಂತ ಒಂದು ವಾರ ಮುಖ ಊದಿಸಿಕೊಳ್ಳುತ್ತಿದ್ದರು. ಒಂದು ವಾರ ಆದ ಮೇಲೆ ಏನು ಅನ್ನುತ್ತಿದ್ದರೋ ಅದು ನನಗೆ ಬೇಕಾಗಿತ್ತು.

ಮೇಷ್ಟ್ರೇ, ಈಗ ನಿಮಗೆ ಗೊತ್ತಾಯಿತು. ಎರಡನೇ ಅಚ್ಚಿನಲ್ಲಿ ಆ ಸಾಲುಗಳನ್ನು ತೆಗೆಯುವುದಾದರೆ ತೆಗೆಯಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ತೆಗೆದ ಮೇಲೆ ಓಬಕ್ಕ ಆ ಬಾಗಿಲಲ್ಲಿ ಸುಡುವ ತಪ್ಪಲೆ ಹಿಡಿದುಕೊಂಡು ಹಾಗೇ ನಿಂತಿರುತ್ತಾಳೆ. ಅದನ್ನು ಅವಳ ಕೈಯಿಂದ ಯಾರು ಇಳಿಸಬೇಕು, ನೀವೇ ಹೇಳಿ.